ಹಿಡಿದರೆ ಬಿಡದ ಕ್ಲಿಪ್ಪು

ನಾನು ಮನೆಯಿಂದ ಹೊರಟರೆ ನನ್ನ ಚೀಲ ನೋಡಿ ನಮ್ಮ ಯಜಮಾನರು ನಗುತ್ತಾರೆ. ಬಾಳ್ಳುಪೇಟೆಗೆ ಹೋಗಿ ಸಾಸಿವೆ ತರುವುದಕ್ಕೂ ನನಗೆ ಛತ್ರಿ ಬೇಕು, ಟಾರ್ಚು ಬೇಕು, ಜ್ವರದ ಮಾತ್ರೆ, ಬಿಸ್ಕತ್ತು, ಒಂದು ಜೊತೆ ಕಾಲುಚೀಲ ಬೇಕು. "ಇವ್ಳು ಪ್ಯಾಟೆಗ್ ಹೋಗ್ತಾಳೋ ಕಾಶಿಗ್ ಹೋಗ್ತಾಳೋ" ಎಂದು ಪಕ್ಕದ ಮನೆಯವರಿಗೆ ಕೇಳುವಂತೆ ಹೇಳುತ್ತಾರೆ. ಹೇಳಲಿ. ಅವರಿಗೇನು, ಬಸ್ಸು ತಡವಾದರೆ ಇನ್ನೊಂದು ಬೀಡಿ ಹಚ್ಚುತ್ತಾರೆ. ನನಗೆ ಬಸ್ಸು ತಡವಾದರೆ ಅದು ಎಲ್ಲೋ ಹಳ್ಳಕ್ಕೆ ಉರುಳಿ, ಒಳಗಿದ್ದವರೆಲ್ಲ ನಮ್ಮ ಕಡೆಯವರೇ ಆಗಿ, ನಾನು ಆಸ್ಪತ್ರೆಯ ಬಾಗಿಲಲ್ಲಿ ನಿಂತಿರುವಷ್ಟು ದೂರ ಮನಸ್ಸು ಓಡಿರುತ್ತದೆ.

ಮಣಿ ಪೋಣಿಸುವುದು ಶುರುವಾದದ್ದೂ ಈ ಕಾಟ ತಡೆಯಲಾರದೆಯೇ. ಕೈಗೆ ಸಣ್ಣ ಕೆಲಸ ಸಿಕ್ಕರೆ ತಲೆ ತುಸು ಹೊತ್ತು ಬಾಯಿ ಮುಚ್ಚಿಕೊಂಡಿರುತ್ತದೆ. ನಮ್ಮದು ಪಾಳ್ಯದ ಕಡೆ ಒಂದು ಹಳ್ಳಿ. ಗದ್ದೆ, ರಾಗಿ ಹೊಲ, ಅಂಚಿನಲ್ಲಿ ಒಂದಿಷ್ಟು ಕಾಫಿ. ಕಾಂಡಕೊರಕ ಹಿಡಿದ ಹಳೆಯ ಅರೇಬಿಕಾ ಗಿಡಗಳನ್ನು ಯಜಮಾನರು ಒಂದು ವರ್ಷ ಕಿತ್ತು ಸೌದೆಗೆಂದು ಒಟ್ಟಿದ್ದರು. ಒಲೆಗೆ ಇಡುವಾಗ ಒಂದು ಕೊಂಬೆ ಮುರಿದು ನೋಡಿದೆ. ಒಳಗೆ ಬೆಣ್ಣೆಯ ಬಣ್ಣ, ಮುಟ್ಟಿದರೆ ನುಣುಪು. ಬೆರಳು ಗಾತ್ರದ ಕಡ್ಡಿಗಳನ್ನು ಆರಿಸಿ, ನೆರಳಲ್ಲಿ ಒಣಗಿಸಿ, ಸಣ್ಣ ಗರಗಸದಲ್ಲಿ ತುಂಡು ಮಾಡಿ, ನಡುವೆ ತೂತು ಕೊರೆದು, ಮರಳು ಕಾಗದದಲ್ಲಿ ಉಜ್ಜಿ, ಕೊಬ್ಬರಿ ಎಣ್ಣೆ ಹಚ್ಚಿದರೆ ಮಣಿ ಸಿದ್ಧ. ನಡುನಡುವೆ ಸಕಲೇಶಪುರದಿಂದ ತಂದ ಗಾಜಿನ ಮಣಿ, ಹಸಿರೋ ಕೆಂಪೋ, ಒಂದೊಂದು.

ಕೊರಳಿಗೆ ಹಾಕುವ ಸರ ಯಾರು ಬೇಕಾದರೂ ಮಾಡುತ್ತಾರೆ. ನಮ್ಮ ಕಡೆ ದೀಪಾವಳಿ ಕಳೆಯಿತೆಂದರೆ ಕೊರಳು ಕಾಣುವುದೇ ಇಲ್ಲ. ಬೆಳಿಗ್ಗೆ ಬಿಸಿಲು ಬೀಳುವವರೆಗೂ ಸ್ವೆಟರು, ಅದರ ಮೇಲೆ ಶಾಲು. ಆ ಶಾಲು ಒಂದು ಕಡೆ ಹೊದ್ದರೆ ಇನ್ನೊಂದು ಕಡೆ ಜಾರುತ್ತದೆ. ಕೈಯಲ್ಲಿ ಹಾಲಿನ ಕ್ಯಾನೋ ಕಾಫಿ ಹಣ್ಣಿನ ಬುಟ್ಟಿಯೋ ಇದ್ದರೆ ಎಳೆದುಕೊಳ್ಳುವುದಕ್ಕೂ ಆಗದು. ಅದಕ್ಕೇ ನಾನು ಮಾಡುವುದು ಶಾಲಿನ ಸರ. ಗೇಣುದ್ದದ ಮಣಿಸಾಲು, ಎರಡು ತುದಿಗೂ ಹಲ್ಲುಗಳಿರುವ ಒಂದೊಂದು ಕ್ಲಿಪ್ಪು. ಶಾಲಿನ ಎಡ ಅಂಚಿಗೊಂದು, ಬಲ ಅಂಚಿಗೊಂದು ಕಚ್ಚಿಸಿದರೆ ಎದೆಯ ಮೇಲೆ ಸರ ನಿಲ್ಲುತ್ತದೆ, ಶಾಲು ಜಾರುವುದಿಲ್ಲ. ಹೈವೇ ಪಕ್ಕದ ಒಂದು ಅಂಗಡಿಯವರು ಮಾರಾಟಕ್ಕೆ ಇಟ್ಟರು, ಹೋಗಿ ಬರುವವರು ಕೊಂಡರು. ಮೊದಮೊದಲು ಹಾಕಿದ ಕ್ಲಿಪ್ಪುಗಳು ಸಡಿಲ. ಬೈಕಿನಲ್ಲಿ ಹೋಗುವಾಗ ಸರ ಬಿದ್ದುಹೋಯಿತೆಂದು ಒಬ್ಬ ಹೆಂಗಸು ಅಂಗಡಿಗೇ ಬಂದು ಜಗಳ ಮಾಡಿದಳಂತೆ. ನನಗೆ ಎರಡು ದಿನ ಅನ್ನ ಸೇರಲಿಲ್ಲ. ಆಮೇಲೆ ಹುಡುಕಿ ಹುಡುಕಿ ಗಟ್ಟಿ ಸ್ಪ್ರಿಂಗಿನ, ಚೂಪು ಹಲ್ಲಿನ ಕ್ಲಿಪ್ಪು ತರಿಸಿದೆ. ಶಾಲಿಗೆ ಕಚ್ಚಿಸಿ ಯಜಮಾನರ ಕೈಲಿ ಎಳೆಸಿದೆ. ಶಾಲಿನ ನೂಲು ಕಿತ್ತು ಬಂತು, ಕ್ಲಿಪ್ಪು ಬಿಡಲಿಲ್ಲ. ಹಿಡಿದರೆ ಬಿಡಬಾರದು, ಹಾಗಿರಬೇಕು ವಸ್ತು ಎಂದು ಹೆಮ್ಮೆಪಟ್ಟೆ.

ಅದರಲ್ಲೊಂದು ಸರವನ್ನು ಅತ್ತೆಗೆ ಕೊಟ್ಟೆ. ನನ್ನ ಅತ್ತೆಗೆ ಎಂಬತ್ತರ ಹತ್ತಿರ. ಸಕ್ಕರೆ ಕಾಯಿಲೆಗೆ ಮಾತ್ರೆ, ಎಡಗಣ್ಣಿಗೆ ಪೊರೆ, ಬಾಯಿ ಮಾತ್ರ ಇನ್ನೂ ಹರೆಯದ್ದು. ಸರ ನೋಡಿ, "ಇದೇನಮ್ಮಿ, ಎತ್ತಿಗ್ ಹಾಕೋ ಮೂಗುದಾರ ತಂದು ನಂಗ್ ಹಾಕ್ತೀಯಾ?" ಎಂದರು. ಆದರೂ ಹಾಕಿಸಿಕೊಂಡರು. ಅವರ ಬೆರಳುಗಳಿಗೆ ಆ ಕ್ಲಿಪ್ಪು ಒತ್ತಿ ಬಿಚ್ಚುವ ಶಕ್ತಿ ಇರಲಿಲ್ಲ. ಹಾಕುವುದೂ ತೆಗೆಯುವುದೂ ನಾನೇ. ನಾನಿಲ್ಲದಾಗ ಬಿಚ್ಚದೆಯೇ ಅಂಗಿ ತೆಗೆಯುವ ಹಾಗೆ ಶಾಲನ್ನು ತಲೆಯ ಮೇಲಿಂದ ಎತ್ತಿ ತೆಗೆದುಬಿಡುತ್ತಿದ್ದರು.

ಇನ್ನೊಂದು ಮಾತು ಹೇಳಬೇಕು. ನಮ್ಮದು ಲಿಂಗ ಕಟ್ಟುವ ಮನೆ. ನನ್ನದು ದೇವರ ಗೂಡಿನಲ್ಲಿರುತ್ತದೆ, ಹಬ್ಬಕ್ಕೆ ಮೈಮೇಲೆ ಬರುತ್ತದೆ. ಅತ್ತೆಯದು ಹಾಗಲ್ಲ. ಬೆಳ್ಳಿಯ ಕರಡಿಗೆಯಲ್ಲಿ ಲಿಂಗ, ಅದಕ್ಕೆ ಶಿವದಾರ, ಅದು ಹಗಲೂ ರಾತ್ರಿ ಅವರ ಎದೆಯ ಮೇಲೆ. ಸ್ನಾನಕ್ಕೂ ತೆಗೆಯುವುದಿಲ್ಲ. ಅಂಗೈಲಿಟ್ಟು ಪೂಜೆ ಮಾಡದೆ ಒಂದು ತೊಟ್ಟು ನೀರು ಕುಡಿಯುವುದಿಲ್ಲ. ಚಳಿಗಾಲದಲ್ಲಿ ಸ್ವೆಟರಿನೊಳಗಿಂದ ಹೊರಗೆ ತೆಗೆಯುವುದು ಕಷ್ಟವೆಂದು ಸ್ವೆಟರಿನ ಮೇಲೇ ಇಳಿಬಿಟ್ಟು, ಮೇಲೆ ಶಾಲು ಹೊದೆಯುತ್ತಿದ್ದರು.

ಆ ದಿನ ಸಕಲೇಶಪುರದಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಬೇಕಿತ್ತು. ಅತ್ತೆ ನಸುಕಿನಲ್ಲೇ ಎದ್ದು ಪೂಜೆ ಮುಗಿಸಿ ಒಂದು ರೊಟ್ಟಿ ತಿಂದಿದ್ದರು. ಅಂಗಳದಲ್ಲಿ ಮಂಜು ಎಷ್ಟಿತ್ತೆಂದರೆ ಎದುರಿನ ಹುಲ್ಲು ಮೆದೆ ಕಾಣುತ್ತಿರಲಿಲ್ಲ. ಆಟೋದವನು ಹಾರ್ನು ಹೊಡೆಯುತ್ತಿದ್ದ. ಬಸ್ಸು ತಪ್ಪಿದರೆ, ಚೀಟಿ ಸಿಗದಿದ್ದರೆ, ಡಾಕ್ಟರು ಎದ್ದುಹೋಗಿಬಿಟ್ಟರೆ ಎಂದು ನನ್ನ ತಲೆ ಆಗಲೇ ಕುದಿಯುತ್ತಿತ್ತು. ಆ ಗಡಿಬಿಡಿಯಲ್ಲಿ ಅತ್ತೆಯ ಶಾಲು ಎಳೆದು ಸರದ ಎರಡು ಕ್ಲಿಪ್ಪೂ ಕಚ್ಚಿಸಿದೆ. ಬಲಗಡೆಯದು ಒತ್ತುವಾಗ ಬೆರಳಿಗೆ ಏನೋ ದಪ್ಪ ಸಿಕ್ಕಿತು. ಶಾಲಿನ ಅಂಚು ಮಡಿಚಿಕೊಂಡಿದೆ ಅಂದುಕೊಂಡೆ.

ಬಾಳ್ಳುಪೇಟೆಯಲ್ಲಿ ಸಕಲೇಶಪುರದ ಬಸ್ಸು ಹತ್ತುವಾಗ ನೂಕುನುಗ್ಗಲು. ಅತ್ತೆಗೆ ಮುಂದೆ ಸೀಟು ಸಿಕ್ಕಿತು, ನಾನು ಹಿಂದೆ ಕಂಬಿ ಹಿಡಿದು ನಿಂತೆ. ಅವರ ಪಕ್ಕ ಒಂದು ಹುಡುಗಿ ಕುಳಿತಿದ್ದಳು, ಮಡಿಲಲ್ಲಿ ಮಗು. ಕೊಯ್ಲಿಗೆಂದು ಅಸ್ಸಾಮಿನ ಕಡೆಯಿಂದ ಎಸ್ಟೇಟುಗಳಿಗೆ ಬರುವವರಲ್ಲಿ ಒಬ್ಬಳು ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಕಿಟಕಿಯ ಗಾಜು ಸರಿಯಾಗಿ ಕೂರದೆ ಗಾಳಿ ನುಗ್ಗುತ್ತಿತ್ತು, ಮಗು ಕೆಮ್ಮುವುದು ಹಿಂದಿನವರೆಗೂ ಕೇಳುತ್ತಿತ್ತು. ಸಕಲೇಶಪುರ ಇನ್ನೂ ಒಂದಿಷ್ಟು ದೂರ ಇರುವಾಗ, ಒಂದು ತೋಟದ ಗೇಟಿನ ಹತ್ತಿರ ಆ ಹುಡುಗಿ ಇಳಿದಳು. ಅವಳ ಮೈಮೇಲೆ ಅತ್ತೆಯ ಶಾಲು, ಶಾಲಿನೊಳಗೆ ಮಗು. ಅಯ್ಯೋ, ನನ್ನ ಸರವೂ ಹೋಯಿತಲ್ಲ ಎಂದು ನನಗೆ ಸಿಟ್ಟು ಬಂತು.

ಸಕಲೇಶಪುರದಲ್ಲಿ ಇಳಿದ ಮೇಲೆ ಅತ್ತೆಯನ್ನು ಕೇಳಿದೆ. "ಮಗೀಗೆ ಬರೀ ಒಂದು ಟವಲ್ ಸುತ್ತಿದ್ಲು ಕಣಮ್ಮಿ. ನಂಗೆ ಸ್ವೆಟರ್ ಐತಲ್ಲ. ತಲೆ ಮೇಲಿಂದ ಎತ್ತಿ ಹಾಕ್ಬುಟ್ಟೆ" ಎಂದರು ಅತ್ತೆ.

ಡಾಕ್ಟರ ಕೋಣೆಯಲ್ಲಿ ಅವರನ್ನು ಯಂತ್ರದ ಮುಂದೆ ಕೂರಿಸಿ, ಗದ್ದ ಮುಂದಿಡಿ ಎಂದರು. ಅತ್ತೆ ಬಾಗುವಾಗ ಯಾವಾಗಲೂ ಮಾಡುವಂತೆ ಕರಡಿಗೆ ತಗುಲದಿರಲಿ ಎಂದು ಎದೆಗೆ ಕೈ ಇಟ್ಟುಕೊಂಡರು. ಕೈ ಅಲ್ಲೇ ನಿಂತಿತು. ಆಮೇಲೆ ಇನ್ನೊಂದು ಕೈಯೂ ಬಂತು. ಸ್ವೆಟರಿನ ಮೇಲೆ, ಒಳಗೆ, ಸೆರಗಿನಲ್ಲಿ, ಸೊಂಟದಲ್ಲಿ ತಡಕಿದರು. "ಲಿಂಗ ಇಲ್ಲ" ಎಂದರು.

ಬೆಳಿಗ್ಗೆ ಬೆರಳಿಗೆ ಸಿಕ್ಕ ದಪ್ಪ ಏನೆಂದು ನನಗೆ ಆ ಕ್ಷಣವೇ ತಿಳಿಯಿತು. ಕ್ಲಿಪ್ಪು ಶಾಲಿನ ಜೊತೆಗೆ ಶಿವದಾರವನ್ನೂ ಕಚ್ಚಿತ್ತು. ಶಾಲು ತಲೆಯ ಮೇಲಿಂದ ಬಂದಾಗ ದಾರವೂ ಕರಡಿಗೆಯೂ ಅದರ ಜೊತೆಗೇ ಬಂದಿದ್ದವು. ಆ ಹುಡುಗಿ ಹೊದ್ದುಕೊಂಡು ಹೋದದ್ದು ಬರೀ ಶಾಲಲ್ಲ.

ಹೇಳಿದೆ. ಅತ್ತೆ ನನ್ನನ್ನು ಬೈಯುತ್ತಾರೆ ಅಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೊರಗೆ ಬಂದು ಬೆಂಚಿನ ಮೇಲೆ ಕೂತರು. ನಾನು ಬಾಟಲಿ ತೆಗೆದು ನೀರು ಕೊಡಲು ಹೋದೆ.

"ಬ್ಯಾಡ. ಅದು ಸಿಗೋಗಂಟ ನೀರು ಮುಟ್ಟಲ್ಲ" ಎಂದರು.

"ಅತ್ತೆ, ಸಿಗದೇ ಹೋದ್ರೆ?"

"ಸಿಗದೇ ಹೋದ್ರೆ ಮುಟ್ಟಲ್ಲ."

ಸಾರಿಗೆ ಉಪ್ಪು ಸಾಕು ಎನ್ನುವ ದನಿಯಲ್ಲಿ ಹೇಳಿದರು. ಅವರ ಸೋದರತ್ತೆಯೊಬ್ಬರು ಹೊಳೆಯಲ್ಲಿ ಲಿಂಗ ಕಳೆದುಕೊಂಡು ಅನ್ನ ನೀರು ಬಿಟ್ಟು ತೀರಿಹೋದದ್ದನ್ನು ಅತ್ತೆಯೇ ನನಗೆ ಎಷ್ಟೋ ಸಲ ಹೇಳಿದ್ದರು. ಆಗೆಲ್ಲ ಅದು ಕತೆಯಾಗಿತ್ತು.

ಯಜಮಾನರಿಗೆ ಫೋನು ಮಾಡಿದೆ. ಊರಿನ ಯಾರದೋ ಜೀಪು ತೆಗೆದುಕೊಂಡು ಬಂದರು. ಹುಡುಗಿ ಇಳಿದ ಗೇಟಿಗೆ ಹೋದರೆ ಅಲ್ಲಿಂದ ದಾರಿ ಮೂರು ಕಡೆಗೆ ಒಡೆಯುತ್ತದೆ, ಮೂರು ಕಡೆಗೂ ತೋಟ, ಕೂಲಿಯವರ ಲೈನುಮನೆಗಳು. ಎಲ್ಲರೂ ಹಣ್ಣು ಕೊಯ್ಯಲು ಒಳಗೆ ಹೋಗಿದ್ದರು. ಒಂದು ಎಸ್ಟೇಟಿನಲ್ಲಿ ಕೂಲಿ ಲೆಕ್ಕ ಬರೆಯುವ ರೈಟರು, "ಪಿಕಿಂಗ್ ಟೈಮು ಕಣ್ರೀ. ಯಾವ ಲೈನಲ್ಲಿ ಯಾರವ್ರೆ ಅಂತ ನಂಗೇ ಗೊತ್ತಿಲ್ಲ. ಮಗು ಎತ್ಕೊಂಡಿರೋ ಹುಡ್ಗೀರು ಬೇಕಾದಷ್ಟು ಅವ್ರೆ" ಎಂದ. ಇನ್ನೆರಡು ಕಡೆ ಅಷ್ಟೂ ಮಾತಾಡಲಿಲ್ಲ. ಸಂಜೆ ಮಂಜು ಇಳಿಯುವವರೆಗೂ ಸುತ್ತಿದೆವು. ಅತ್ತೆ ಜೀಪಿನ ಮುಂದಿನ ಸೀಟಿನಲ್ಲಿ ಕೂತೇ ಇದ್ದರು. ಅವರ ತುಟಿ ಬಿಳಿಚಿಕೊಂಡು, ಅಂಚಿನಲ್ಲಿ ಸಿಪ್ಪೆ ಎದ್ದಿತ್ತು. ನಾನು ಎರಡು ನಿಮಿಷಕ್ಕೊಮ್ಮೆ ಅದನ್ನೇ ನೋಡುತ್ತಿದ್ದೆ. ಸಕ್ಕರೆ ಕಾಯಿಲೆಯವರು ಉಪವಾಸ ಇದ್ದರೆ ಏನಾಗುತ್ತದೆಂದು ಯಾರೋ ಹೇಳಿದ್ದು, ಎಲ್ಲೋ ಓದಿದ್ದು ಎಲ್ಲ ಒಟ್ಟಿಗೆ ನೆನಪಾಗುತ್ತಿತ್ತು.

"ಬೆಳ್ಳಿ ಕರಡಿಗೆ ಕಣ್ರೀ. ಕೈಗೆ ಸಿಕ್ಕಿದ್ ಬೆಳ್ಳೀನ ಯಾರ್ ಬಿಡ್ತಾರೆ? ಇಷ್ಟೊತ್ತಿಗೆ ಕರಗಿಸಿರ್ತಾರೆ" ಎಂದೆ. ಹೆದರಿಕೆಗೆ ನಾಲಿಗೆ ಹಿಡಿತ ತಪ್ಪಿತ್ತು.

"ಸುಮ್ನಿರು ಮಾರಾಯ್ತಿ" ಎಂದರು ಯಜಮಾನರು.

ಅತ್ತೆ ತಿರುಗದೆಯೇ ಹೇಳಿದರು. "ಬೆಳ್ಳಿ ಬೇಕಾದ್ರೆ ಇಟ್ಕೊಳ್ಳಲಿ. ಒಳಗಿರೋದು ಕೊಟ್ರೆ ಸಾಕು."

ಮನೆಗೆ ಬಂದು ನಾನು ಒಲೆ ಹಚ್ಚಲಿಲ್ಲ. ಯಜಮಾನರು ಹಿತ್ತಲ ಕಡೆಯಿಂದ ಎಲ್ಲಿಗೋ ಹೋಗಿ ಬಂದರು. ಅತ್ತೆ ಮೂಗು ಅರಳಿಸಿ, "ಪಕ್ಕದ ಮನೇಲಿ ಕಾಫಿ ಕುಡ್ದ್ಯಾ? ಕುಡಿಯೋ. ಕಳ್ಳನಂಗೆ ಯಾಕ್ ಕುಡೀತೀಯ, ನಿಂದೇನ್ ಕಳೆದೈತೆ?" ಎಂದರು. ಯಜಮಾನರು ಮಗುವಿನಂತೆ ತಲೆ ತಗ್ಗಿಸಿ ನಿಂತರು. ಬೇರೆ ದಿನವಾದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ನಮ್ಮ ಮನೆಗೆ ಪೂಜೆಗೆ ಬರುವ ಜಂಗಮ ಅಯ್ಯನವರಿಗೆ ಫೋನು ಮಾಡಿದೆವು. ಬೇರೆ ಲಿಂಗ ಕಟ್ಟಿಸಿಕೊಳ್ಳಬಹುದು, ಅದಕ್ಕೂ ವಿಧಿ ಇದೆ, ಬೆಳಿಗ್ಗೆಯೇ ಬರುತ್ತೇನೆ ಎಂದರು. ಸಿಕ್ಕರೂ ಅದು ಇನ್ನೊಬ್ಬರ ಮೈಮೇಲೆ ಇದ್ದದ್ದಾದರೆ ಶುದ್ಧಿ ಆಗಬೇಕು, ನನ್ನನ್ನು ಕೇಳದೆ ಧರಿಸಬೇಡಿ ಎಂದೂ ಹೇಳಿದರು. ಯಜಮಾನರು ಫೋನಿನ ದನಿ ಜೋರು ಮಾಡಿದ್ದರಿಂದ ಅತ್ತೆಗೂ ಕೇಳಿಸಿತು.

"ಬ್ಯಾರೇದು ತಂದು ನಂಗೆ ಕಟ್ಟಿ ಸಮಾಧಾನ ಮಾಡ್ತೀರಾ?" ಎಂದರು. "ನಿಮ್ಮಪ್ಪನ್ನ ಮಣ್ಣಿಗಿಟ್ಟು ಬಂದ ದಿನ ನನ್ ಎದೆ ಮ್ಯಾಲೆ ಕೈ ಇಟ್ಕೊಂಡ್ರೆ ಸಿಕ್ಕಿದ್ದು ಅದೊಂದೇ ಕಣೋ. ನಾಳೆ ನನ್ನ ಕೂರ್ಸಿ ಮಣ್ಣಿಗಿಡುವಾಗ ಈ ಅಂಗೈಲಿ ಏನ್ ಇಡ್ತೀರಾ?"

ಎಡ ಅಂಗೈ ಚಾಚಿ ತೋರಿಸಿದರು. ಯಜಮಾನರು ಎದ್ದು ಹೊರಗೆ ಹೋದರು. ನಾನು ಚೊಂಬಿನಲ್ಲಿ ನೀರು ಹಿಡಿದು ಅವರ ಮುಂದೆ ಕೂತು ಕಣ್ಣೀರು ಹಾಕಿದೆ. ನನ್ನಿಂದಲೇ ಆದದ್ದು, ನನಗಾಗಿ ಒಂದು ಗುಟುಕು, ಮಾತ್ರೆ ನುಂಗುವಷ್ಟು, ಎಂದೆಲ್ಲ ಬೇಡಿದೆ. "ಆ ಚೊಂಬನ್ನ ನನ್ ಕಣ್ಣೆದುರಿಂದ ತೆಗಿ" ಎಂದರು. ಜೋರಾಗಿ ಹೇಳಲಿಲ್ಲ. ನೀರು ಕಂಡರೆ ಆಸೆ ಆಗುತ್ತಿತ್ತು ಅವರಿಗೆ, ಪಾಪ. ನಾನು ಚೊಂಬು, ಬಾಟಲಿ, ಲೋಟ ಎಲ್ಲವನ್ನೂ ಹಿತ್ತಲಿಗೆ ಒಯ್ದು ಕುಕ್ಕೆ ಕವುಚಿದೆ.

ಬೆಳಗಾದಾಗ ಅತ್ತೆ ಗೋಡೆ ಹಿಡಿದು ಎದ್ದು ನಿಂತಿದ್ದರು. "ನಡಿ, ಅದೇ ಬಸ್ಸಿಗೆ ಹೋಗಾಣ. ಕಳೆದ್ ದಾರೀಲೇ ಹುಡುಕ್ಬೇಕು" ಎಂದರು. ಈ ಸ್ಥಿತಿಯಲ್ಲಿ ಬಸ್ಸೇ, ದಾರಿಯಲ್ಲಿ ಬಿದ್ದರೆ ಏನು ಗತಿ ಎಂದು ನಾನು ಕೂಗಾಡಿದೆ. ಅವರು ಆಗಲೇ ಚಪ್ಪಲಿ ಮೆಟ್ಟಿದ್ದರು. ಯಜಮಾನರು ಅಯ್ಯನವರನ್ನು ಕರೆತರಲು ಹೋದರು. ನಾನು ಚೀಲ ತುಂಬಿದೆ. ಮಾತ್ರೆ, ಗ್ಲೂಕೋಸ್ ಪುಡಿ, ಬಿಸ್ಕತ್ತು, ವಿಭೂತಿ, ಟವಲು, ಟಾರ್ಚು.

ಬಸ್ಸಿನಲ್ಲಿ ಅತ್ತೆ ಹಿಂದಿನ ದಿನದ ಸೀಟೇ ಬೇಕೆಂದರು. ಅಲ್ಲಿ ಕೂತಿದ್ದವರನ್ನು ನಾನು ಕೈಮುಗಿದು ಎಬ್ಬಿಸಿದೆ. ಅತ್ತೆಯ ತಲೆ ನನ್ನ ಹೆಗಲಿಗೆ ಒರಗಿತ್ತು. ಉಸಿರು ಬಿಸಿಯಾಗಿ, ಒಣಗಿದ ವಾಸನೆ ಬರುತ್ತಿತ್ತು. ಮಂಜಿನಲ್ಲಿ ಲಾರಿಗಳ ದೀಪ ಬಿಟ್ಟರೆ ಏನೂ ಕಾಣದು. ಗೇಟು ಹತ್ತಿರ ಬರುತ್ತಿದ್ದಂತೆ ನಾನು ಗಾಜು ಒರೆಸಿ ನೋಡಿದೆ.

ರಸ್ತೆ ಪಕ್ಕ ಅವಳು ನಿಂತಿದ್ದಳು. ಅದೇ ಶಾಲು. ಎದೆಯ ಮೇಲೆ ನನ್ನ ಕಾಫಿ ಕಡ್ಡಿಯ ಮಣಿಗಳು. ಬಸ್ಸಿನ ಒಂದೊಂದೇ ಕಿಟಕಿಯಲ್ಲಿ ಕತ್ತು ಚಾಚಿ ಹುಡುಕುತ್ತಿದ್ದಳು.

"ನಿಲ್ಸ್ರೀ! ನಿಲ್ಸ್ರೀ!" ಎಂದು ನಾನು ಕಿರುಚಿದ ರಭಸಕ್ಕೆ ಕಂಡಕ್ಟರು ಬೆಚ್ಚಿಬಿದ್ದ.

ನಾವು ಇಳಿಯುತ್ತಿದ್ದಂತೆ ಅವಳು ಓಡಿ ಬಂದಳು. ಮಗು ಶಾಲಿನೊಳಗಿತ್ತು. "ಅಜ್ಜಿ, ನಾನು ಕಳ್ಳಿ ಇಲ್ಲ ಅಜ್ಜಿ" ಎಂದಳು. ಮೊದಲ ಮಾತೇ ಅದು. ಅಲ್ಪಸ್ವಲ್ಪ ಕಲಿತ ಕನ್ನಡ. ಹಿಂದಿನ ದಿನವೆಲ್ಲ ನಾನು ಆಡಿದ ಮಾತು ಇವಳಿಗೆ ಹೇಗೆ ಕೇಳಿಸಿತೋ ಎಂದು ನನ್ನ ಕಿವಿ ಬಿಸಿಯಾಯಿತು.

ಲೈನಿಗೆ ಹೋಗಿ ಶಾಲು ತೆಗೆಯುವಾಗ ಅವಳಿಗೆ ಕರಡಿಗೆ ಕಂಡಿತ್ತು. ಕ್ಲಿಪ್ಪು ಬಿಚ್ಚಲು ನೋಡಿದಳು, ಅವಳ ಗಂಡ ನೋಡಿದ, ದಾರದ ದಪ್ಪಕ್ಕೆ ಬಿಗಿದು ಕೂತಿದ್ದ ಅದು ಜಗ್ಗಲಿಲ್ಲ. ದಾರ ಕತ್ತರಿಸು ಎಂದು ಎಲ್ಲರೂ ಹೇಳಿದರಂತೆ. "ಕತ್ತರಿ ಹಾಕಿದ್ರೆ ಅಜ್ಜಿ ಬೇಜಾರು" ಎಂದು ಅವಳು ಒಪ್ಪಲಿಲ್ಲ. ಬಿಚ್ಚಿಡಲೂ ಆಗದೆ, ತೂಗಾಡುವುದನ್ನು ಬಿಡಲೂ ಆಗದೆ, ಶಾಲನ್ನೂ ದಾರವನ್ನೂ ಒಟ್ಟಿಗೇ ಕೊರಳಿಗೆ ಹಾಕಿಕೊಂಡು ಹಾಗೆಯೇ ಮಲಗಿದ್ದಳು. ಅಜ್ಜಿ ಇದೇ ಬಸ್ಸಿಗೆ ಬಂದೇ ಬರುತ್ತಾರೆಂದು ಕೊಯ್ಲಿಗೆ ಹೋಗದೆ ಬಂದು ನಿಂತಿದ್ದಳು.

ನಾನು ಕ್ಲಿಪ್ಪಿಗೆ ಕೈ ಹಾಕಿದೆ. ಬೆರಳು ಎರಡು ಸಲ ಜಾರಿತು. ನಾನೇ ಆರಿಸಿ ತರಿಸಿದ ಹಾಳು ಕ್ಲಿಪ್ಪು. ಕೊನೆಗೆ ಎರಡು ಕೈಯ ಬಲವನ್ನೂ ಹಾಕಿ ಒತ್ತಿದಾಗ ಬಾಯಿ ಬಿಟ್ಟಿತು. ಶಿವದಾರದ ಮೇಲೆ ಹಲ್ಲಿನ ಗುರುತು ಮೂಡಿತ್ತು, ಎಳೆ ಒಂದೂ ಕಿತ್ತಿರಲಿಲ್ಲ.

ಅತ್ತೆ ಮೋರಿಯ ಕಟ್ಟೆಯ ಮೇಲೆ ಕೂತು ಕರಡಿಗೆ ತೆರೆದರು. ಲಿಂಗ ಇತ್ತು. ಅಂಗೈಲಿಟ್ಟುಕೊಂಡು ಕೈ ಮುಚ್ಚಿದರು. ಆಮೇಲೆ ನನ್ನ ಕಡೆ ಕೈ ಚಾಚಿ, "ನೀರು ಕೊಡಮ್ಮಿ, ಪೂಜೆ ಮಾಡ್ಕೊತೀನಿ" ಎಂದರು.

ಚೀಲಕ್ಕೆ ಕೈ ಹಾಕಿದೆ. ಮಾತ್ರೆ, ಗ್ಲೂಕೋಸ್, ಬಿಸ್ಕತ್ತು. ಚೀಲವನ್ನು ರಸ್ತೆ ಪಕ್ಕ ಬೋರಲು ಹಾಕಿದೆ. ಟಾರ್ಚು ಉರುಳಿಹೋಯಿತು. ನೀರಿರಲಿಲ್ಲ. ಹಿತ್ತಲಲ್ಲಿ ಕುಕ್ಕೆಯ ಕೆಳಗೆ ನಾನೇ ಬಚ್ಚಿಟ್ಟದ್ದನ್ನು ಹೊರಗೆ ತೆಗೆಯುವುದೇ ಮರೆತಿತ್ತು. ಊರಿಗೆಲ್ಲ ಆಗುವಷ್ಟು ಸಾಮಾನು ಹೊರುವವಳು, ಬೇಕಾದ ಒಂದೇ ಒಂದನ್ನು ಬಿಟ್ಟು ಬಂದಿದ್ದೆ. ಅಳು ಬಂದುಬಿಟ್ಟಿತು ನನಗೆ. ಸುತ್ತ ಎಲ್ಲೂ ಒಂದು ಮನೆಯಿಲ್ಲ.

ಹುಡುಗಿ ಸೊಂಟದ ಚೀಲದಿಂದ ಒಂದು ಹಳೆಯ ಪ್ಲಾಸ್ಟಿಕ್ ಬಾಟಲಿ ತೆಗೆದು ಹಿಡಿದಳು. ಲೈನಿನ ನಲ್ಲಿಯ ನೀರು. ಅವಳೂ ಕುಡಿದು ಅರ್ಧವಾಗಿತ್ತು.

ನಾನು ಅತ್ತೆಯ ಮುಖ ನೋಡಿದೆ. ಶುದ್ಧಿಯಾಗದೆ ಧರಿಸಬೇಡಿ ಎಂದ ಅಯ್ಯನವರ ಮಾತು ನನಗೆ ನೆನಪಿತ್ತು, ಅವರಿಗೂ ನೆನಪಿಲ್ಲದೇ ಇರಲಿಲ್ಲ. ಬೇಡ ಎಂದರೆ ಮನೆಗೆ ಹೋಗುವವರೆಗೆ ಈ ಜೀವ ತಡೆಯುತ್ತದೆಯೇ ಎಂದು ಹೆದರಿದೆ.

ಅತ್ತೆ ಬಾಟಲಿಯನ್ನು ನೋಡಲಿಲ್ಲ, ಹುಡುಗಿಯನ್ನು ನೋಡಿದರು. "ರಾತ್ರಿ ಇದನ್ನ ತೆಗ್ದು ಎಲ್ಲಾದ್ರೂ ಕೆಳಗೆ ಇಟ್ಟಿದ್ಯಾ?"

"ಇಲ್ಲ ಅಜ್ಜಿ. ಮಗು ಹಾಲು ಕುಡೀತಾ ಅದನ್ನೇ ಹಿಡ್ಕೊಂಡು ಮಲಗ್ತು. ಬಿಡಲೇ ಇಲ್ಲ."

ಅತ್ತೆಯ ಒಣಗಿದ ತುಟಿ ಅಗಲವಾಯಿತು. "ನನ್ ಮೈ ಬಿಟ್ಟಿತ್ತು ಅಷ್ಟೆ ಕಣಮ್ಮಿ, ಮನುಷ್ಯರ ಮೈಮ್ಯಾಲಿಂದ ಇಳಿದೇ ಇಲ್ಲ" ಎಂದು ನನಗೆ ಹೇಳಿದರು. ಹೇಳಿ, ಎಡ ಅಂಗೈಯನ್ನು ಹುಡುಗಿಯ ಕಡೆಗೆ ಚಾಚಿದರು. "ಹುಯ್ಯವ್ವ."

ಅವಳು ಹೆದರಿ ಹೆದರಿ ಲಿಂಗದ ಮೇಲೆ ನೀರು ಬಿಟ್ಟಳು. ಅತ್ತೆ ವಿಭೂತಿ ಹಚ್ಚಿದರು, ಕಣ್ಣು ಮುಚ್ಚಿದರು, ತುಟಿ ಅಲುಗಿತು. ಲಾರಿಯೊಂದು ಹಾರ್ನು ಹೊಡೆದುಕೊಂಡು ಹೋಯಿತು. ಆಮೇಲೆ ಶಿವದಾರವನ್ನು ಕೊರಳಿಗೆ ಹಾಕಿಕೊಂಡು, ಬಾಟಲಿ ಇಸಿದುಕೊಂಡು, ತಲೆಯೆತ್ತಿ ಕುಡಿದರು. ಗಂಟಲಿನ ನರ ಏರುವುದು ಇಳಿಯುವುದನ್ನೇ ನಾನು ನೋಡುತ್ತಾ ನಿಂತೆ. ಕೊನೆಯ ಹನಿಯನ್ನೂ ಬಿಡಲಿಲ್ಲ.

ಬಾಯಿ ಒರೆಸಿಕೊಂಡು ಖಾಲಿ ಬಾಟಲಿಯನ್ನು ಅವಳಿಗೇ ವಾಪಸು ಕೊಟ್ಟರು. "ನಿಮ್ ಮನೆ ಎಷ್ಟು ದೂರ ಐತವ್ವ?" ಎಂದು ಕೇಳಿದರು. "ಇನ್ನೊಂದ್ ಸ್ವಲ್ಪ ನೀರು ಬೇಕು."